ಪಕ್ಕದಲ್ಲಿ ಯಾರಿದ್ದಾರೆ?

ವಿಜಯವಾಡದ ಗವರ್ನರ್‌ಪೇಟೆಯ ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಮದುವೆ ಸತ್ತುಬಿದ್ದಿತ್ತು. ಕೊಂದದ್ದು ಒಂದು ಫೋನ್ ಕರೆ.

"ಹುಡುಗಿಗೆ ಫಿಟ್ಸ್ ಇದೆಯಂತಲ್ಲ?" ಎಂದು ಗಂಡಿನ ತಾಯಿ ಸೂರ್ಯಕಾಂತಮ್ಮ ವಿಶಾಖಪಟ್ಟಣದಿಂದ ಕೇಳಿದ್ದರು. ಉಂಗುರ ವಾಪಸಾಯಿತು.

ಹುಡುಗಿ ಪದ್ಮಾ. ಅವ್ವನೊಂದಿಗೆ ಹಾವೇರಿಯಿಂದ ಸೋದರಮಾವನ ಈ ಅಂಗಡಿಗೆ ಬಂದವಳು. ತೆಲುಗು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ. ಅವಳ ಕಾಯಿಲೆ ಗೊತ್ತಿದ್ದದ್ದು ಅವ್ವನಿಗೆ, ಮತ್ತೆ ಮೊಬೈಲಿನಲ್ಲೇ ಡಾಕ್ಟರನ್ನು ಕಾಣಿಸುವ, ವಿಶಾಖಪಟ್ಟಣದ ಮಧುರವಾಡದ ಒಂದು ಕಂಪನಿಗೆ. ಅಲ್ಲಿ ರೋಗಿಗಳ ಮಾಹಿತಿ ಕಾಯುವ ಅಧಿಕಾರಿ ದಿನೇಶ. ಗುಟ್ಟು ಯಾರಿಂದ ಹೊರಬಿತ್ತೆಂಬ ಪತ್ತೆ ಅವನ ಪಾಲಿಗೆ ಬಂತು.

ರೋಗಿಯ ಗುಟ್ಟು ಕಾಯಲೆಂದೇ ಒಂದು ಕಾನೂನು ಆ ೨೦೧೮ರಲ್ಲಿ ದೆಹಲಿಯಲ್ಲಿ ಇನ್ನೂ ಕರಡಾಗಿತ್ತು. ದಿನೇಶ ಅದನ್ನು ಓದಿ ಕಚೇರಿಗೆಲ್ಲ ಉಪನ್ಯಾಸ ಕೊಟ್ಟಿದ್ದ. ಕೇಳುತ್ತಲೇ ನಿದ್ದೆಹೋದವನು ರೋಗಿಗಳಿಗೆ ಔಷಧಿ ಚೀಟಿ ಕಳಿಸುವ ತೇಜ.

* * *

ಪದ್ಮಾಳ ಕಡತ ತೆರೆದವರು ಇಬ್ಬರೇ: ಡಾಕ್ಟರು ಮತ್ತು ತೇಜ.

"ಯಾಕೆ ತೆರೆದೆ?" ಎಂದು ದಿನೇಶ ತೇಜನನ್ನು ಕೇಳಿದ.

"ಔಷಧಿ ಚೀಟಿ ಅವಳ ಫೋನಿಗೆ ಹೋಗಿರಲಿಲ್ಲ ಗುರೂ. ಮತ್ತೆ ಕಳಿಸಿದೆ."

"ಸೂರ್ಯಕಾಂತಮ್ಮ ನಿಮ್ಮ ಬೀದಿಯವರು."

"ಬೀದಿ ತುಂಬ ಜನ ಇದ್ದಾರೆ. ಎಲ್ಲರ ಮದುವೆಯನ್ನೂ ನಾನೇ ಮುರಿಯಲಾ?"

ಎಲ್ಲರೆದುರೇ ದಿನೇಶ ಅವನ ಕೊರಳಿನ ಗುರುತಿನ ಚೀಟಿ ತೆಗೆಸಿ ಮನೆಗೆ ಕಳಿಸಿದ. ಆಮೇಲೆ ವಿಜಯವಾಡದ ರೈಲು ಹತ್ತಿದ.

* * *

"ಸೂರ್ಯಕಾಂತಮ್ಮ ಏನಂದ್ರು? ಅವರ ಮಾತಲ್ಲೇ ಹೇಳಿ."

ಪದ್ಮಾಳ ಅವ್ವ ಕಮಲಾಕ್ಷಿ ಸೆರಗಿನಿಂದ ಮೂಗೊರೆಸಿಕೊಂಡರು. "ತಮ್ಮನ ನಾಮಕರಣದ ದಿನ, ಮಂದಿ ಹೋದ ಮ್ಯಾಲ, ತೊಟ್ಟಿಲ ಮುಂದ ಬಿದ್ದಾಕಿ ನಿಮ್ ಮಗಳೇ ಅಲ್ಲೇನು, ಅಂದ್ರರಿ."

ದಿನೇಶನ ಕಾಫಿ ಲೋಟ ತುಟಿಯ ಹತ್ತಿರವೇ ನಿಂತಿತು.

ಕಡತದಲ್ಲಿ ತೊಟ್ಟಿಲಿರಲಿಲ್ಲ. ಡಾಕ್ಟರು ಬರೆದದ್ದು 'ಬಾಲ್ಯದಿಂದ' ಎಂದಷ್ಟೇ. ತೊಟ್ಟಿಲು ಬಂದದ್ದು ಪದ್ಮಾಳ ಬಾಯಿಂದ, ಡಾಕ್ಟರ ಜೊತೆ ಮಾತಾಡಿದ ಮೊಬೈಲ್ ಕರೆಯಲ್ಲಿ, ಕನ್ನಡದಲ್ಲಿ. ಡಾಕ್ಟರಿಗೆ ಕನ್ನಡ ಬಾರದು. ಅದಕ್ಕೇ ನಡುವೆ ದುಭಾಷಿಯೊಬ್ಬನಿದ್ದ: ಕಂಪನಿಯ ಏಕೈಕ ಕನ್ನಡಿಗ, ದಿನೇಶ. ಅಂದು ಭಾನುವಾರ, ಅವನು ಮನೆಯಿಂದಲೇ ಕರೆಗೆ ಸೇರಿದ್ದ. ಅವನ ಕನ್ನಡವಾದರೋ ಅಮ್ಮನ ಅಡುಗೆಮನೆ ದಾಟಿದ್ದೇ ಅಪರೂಪ.

ಹೊರಗೆ ಬಂದು ಅಮ್ಮ ಉಮಾದೇವಿಗೆ ಫೋನ್ ಮಾಡಿದ.

"ಅಮ್ಮಾ, ಸೂರ್ಯಕಾಂತಮ್ಮ ಗೊತ್ತಾ?"

"ಗೊತ್ತಿಲ್ದೆ ಏನು? ಭಜನೆಗೆ ಬರ್ತಾರಲ್ಲ. ಮಗನಿಗೆ ಹಾವೇರಿ ಹುಡುಗಿ ಪದ್ಮಾ ಗೊತ್ತಾಗಿದಾಳೆ ಅಂತ ಅವರೇ ಹೇಳಿದ್ರು."

"ಆ ಹುಡುಗಿ ವಿಷಯ ನೀನು..."

"ನೀನೇ ಅಲ್ವೇನೋ ಸ್ಪೀಕರ್ ಹಾಕ್ಕೊಂಡು, ಮೈಕ್ ಬಂದ್ ಮಾಡಿ, 'ಅಮ್ಮಾ, ಜೋಂಪು ಅಂದ್ರೇನು' ಅಂತ ಒಂದೊಂದಕ್ಕೂ ನನ್ನ ಕೇಳಿದ್ದು? ಹೆಸರೂ ಕೇಳಿಸ್ತು, ಊರೂ ಕೇಳಿಸ್ತು. ಒಂದು ಗಂಡಿನ ಬಾಳಲ್ವಾ? ಒಳ್ಳೇದಕ್ಕೇ ಹೇಳ್ದೆ."

* * *

ಮರಳಿ ಒಳಗೆ ಬಂದು, ನಿಂತುಕೊಂಡೇ ಎಲ್ಲ ಹೇಳಿದ.

"ಕಡತ ಯಾರೂ ಕದ್ದಿಲ್ಲ. ತೇಜನಿಗೆ ತೊಟ್ಟಿಲ ವಿಷಯ ಗೊತ್ತಿರೋಕೆ ಸಾಧ್ಯವೇ ಇಲ್ಲ. ಹೊರಬಿದ್ದದ್ದು ನಮ್ಮನೆ ಊಟದ ಮೇಜಿನಿಂದ. ದೂರು ನನ್ನ ಹೆಸರಿಗೆ ಕೊಡಿ."

ಕಮಲಾಕ್ಷಿ ಮುಖ ತಿರುಗಿಸಿದರು. ಪದ್ಮಾ ಕೈಯಲ್ಲಿದ್ದ ಸೀರೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದಳು.

"ಮಾತು ಶುರು ಮಾಡೋಕಿಂತ ಮೊದ್ಲ ನೀವು ಕೇಳಿದ್ರಿ, ಪಕ್ಕದಾಗ ಯಾರರೆ ಅದಾರೇನು ಅಂತ. ಇದು ಗುಟ್ಟಿನ ಮಾತು ಅಂದ್ರಿ. ನಾ ಹೆತ್ತವ್ವನ್ನೂ ಹೊರಗ ಕಳಿಸಿ ಬಾಗಲಾ ಹಾಕ್ಕೊಂಡಿದ್ದೆ." ಸೀರೆಯನ್ನು ಅಟ್ಟಿಯ ಮೇಲಿಟ್ಟಳು. "ಸರ, ನಿಮ್ಮನ್ನ ಯಾರೂ ಕೇಳಲಿಲ್ಲೇನು?"

ಉತ್ತರ ಕನ್ನಡದಲ್ಲೇ ಕೊಡಬೇಕಿತ್ತು. ಈ ಸಲ ಪಕ್ಕದಲ್ಲಿ ಅಮ್ಮ ಇರಲಿಲ್ಲ.