ರಾಜರು ಇನ್ನೂ ದಾರಿಯಲ್ಲಿದ್ದಾರೆ

"ರಾಜರನ್ನ ಯಾರು ಒಳಗೆ ಬಿಟ್ಟಿದ್ದು?"

ಹೊಸ ವರ್ಷದ ಮರುದಿನ ಬೆಳಿಗ್ಗೆ, ಖಾಲಿ ದೇವಾಲಯದಲ್ಲಿ ಆ ದನಿ ಕೇಳಿ ಬಡಗಿಯ ಕೈಯಲ್ಲಿದ್ದ ಉಳಿ ತಟ್ಟನೆ ನಿಂತಿತು. ಅಲುಗಾಡುವ ಬೆಂಚುಗಳನ್ನು ಸರಿಮಾಡಲು ಅವನು ಆ ಊರಿಗೆ ಬಂದು ಅದು ಮೊದಲ ದಿನ. ತಿರುಗಿ ನೋಡಿದರೆ, ಇಸ್ತ್ರಿ ಮಾಡಿದ ಬಲಿಪೀಠದ ಬಟ್ಟೆಯನ್ನು ಮಗುವಿನ ಹಾಗೆ ಎರಡೂ ತೋಳುಗಳಲ್ಲಿ ಹೊತ್ತು ಒಬ್ಬಳು ನಿಂತಿದ್ದಳು. ಕುತ್ತಿಗೆಯಲ್ಲಿ ಅಳತೆಯ ಟೇಪು. ಕಣ್ಣಲ್ಲಿ ಕೆಂಡ.

"ಯಾವ ರಾಜರು?"

ಅವಳು ಕ್ರಿಸ್ಮಸ್‌ಗೆಂದು ಕಟ್ಟಿದ್ದ ಗೋದಲಿಯ ಕಡೆ ಗದ್ದದಿಂದಲೇ ತೋರಿಸಿದಳು. ಹುಲ್ಲಿನ ಮೇಲೆ ಮಲಗಿದ್ದ ಬಾಲಯೇಸುವಿನ ಮುಂದೆ ಮೂವರು ಮಣ್ಣಿನ ರಾಜರು ಕಾಣಿಕೆ ಹಿಡಿದು ಒತ್ತಾಗಿ ನಿಂತಿದ್ದರು.

"ಓ, ಇವರಾ? ಅಲ್ಲೆಲ್ಲೋ ಗೋಡೆ ಪಕ್ಕ ನಿಂತಿದ್ರು. ಪಾಪ, ಯಾರೋ ಮರೆತಿದ್ದಾರೆ ಅಂತ ನಾನೇ ತಂದು ಸೇರಿಸಿದೆ."

"ಮರೆತಿಲ್ಲ. ಅವರು ಇನ್ನೂ ದಾರಿಯಲ್ಲಿದ್ದಾರೆ."

ಕ್ರಿಸ್ಮಸ್ ದಿನ ಅವರು ದೂರದ ಕಿಟಕಿಯಿಂದ ಹೊರಡುತ್ತಾರೆ. ದಿನಾ ಬೆಳಿಗ್ಗೆ ಅವಳು ಅವರನ್ನು ಇಷ್ಟಿಷ್ಟೇ ಮುಂದೆ ಸರಿಸುತ್ತಾಳೆ. ಗೋದಲಿ ಮುಟ್ಟುವುದು ಜನವರಿ ಆರರಂದು, ಅವರ ಹಬ್ಬದ ದಿನವೇ. ಇಷ್ಟನ್ನೂ ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಬಡಗಿ ರಾಜರನ್ನು ಒಬ್ಬೊಬ್ಬರನ್ನಾಗಿ ಹೊತ್ತುಕೊಂಡು ವಾಪಸ್ ನಡೆದ. "ತಪ್ಪಾಯ್ತು ಮಹಾಪ್ರಭು," ಎಂದ ಕೊನೆಯ ರಾಜನ ಕಿವಿಯಲ್ಲಿ. "ಟೈಲರಮ್ಮ ಒಪ್ಪೋ ತನಕ ನಡೀತಾ ಇರಿ."

ಅವಳು ತುಟಿ ಕಚ್ಚಿ ಹಿಡಿದ ನಗು, ಮನೆಯ ದಾರಿಯಲ್ಲಿ ಒಬ್ಬಳೇ ಇದ್ದಾಗ ಹೊರಬಿತ್ತು.

ಬೆಂಚಿನ ಕೆಲಸ ಮುಗಿಯಿತು. ಆದರೆ ಫಾದರ್‌ಗೆ ಬಾಗಿಲು ಕಿರುಗುಟ್ಟುವುದು ಕೇಳಿಸಿತು, ಆಮೇಲೆ ಕಿಟಕಿಯ ಚೌಕಟ್ಟು ಹುಳ ಹಿಡಿದದ್ದು ಕಾಣಿಸಿತು. ಹೀಗೆ ಬಡಗಿ ಆ ಊರಲ್ಲೇ ಉಳಿದ. ಅವಳು ಬಲಿಪೀಠದ ಬಟ್ಟೆ ಬದಲಿಸಲು ಬಂದಾಗ ಅವನು ಮರದ ಪುಡಿ ಹಾರದಂತೆ ಕೆಲಸ ನಿಲ್ಲಿಸುತ್ತಿದ್ದ. ಅವಳು ಫ್ಲಾಸ್ಕಿನಲ್ಲಿ ಟೀ ತರುತ್ತಿದ್ದಳು. ಮಾತು ಕಡಿಮೆ. ಆದರೂ ಹಿಂದಿರುಗುವಾಗ ಅವಳ ಮನಸ್ಸು ತುಂಬಿರುತ್ತಿತ್ತು...

"ಆ ಮೇಸ್ತ್ರಿ ಬಂದ ಮೇಲೆ ಬಲಿಪೀಠದ ಬಟ್ಟೆ ಬೇಗ ಕೊಳೆ ಆಗ್ತಿದೆ, ಅಲ್ವಾ?" ಅಮ್ಮ ಒಂದು ದಿನ ಅಕ್ಕಿ ಆರಿಸುತ್ತಾ ಕೇಳಿದರು. "ವಾರ ತುಂಬೋದ್ರೊಳಗೆ ಮತ್ತೆ ಒಗೀತಿದ್ದೀಯಲ್ಲ, ಅದಕ್ಕೆ ಕೇಳ್ದೆ."

"ಮರದ ಪುಡಿ ಅಮ್ಮ."

"ಹೌದೌದು. ಮುಖಕ್ಕೂ ಹತ್ತಿದೆ, ಕೆಂಪಗೆ."

ಅಮ್ಮನಿಗೆ ಈ ತಮಾಷೆ ಸುಲಭವಾಗಿ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಮಗಳಿಗೆ ಮದುವೆ ಗೊತ್ತಾಗಿತ್ತು. ಕೆಲಸ ಹುಡುಕಿಕೊಂಡು ಹೋದ ಹುಡುಗ ತಿರುಗಿ ಬರಲಿಲ್ಲ, ಒಂದು ಮಾತನ್ನೂ ಕಳಿಸಲಿಲ್ಲ. ತನ್ನ ಕೈಯಾರೆ ಹೊಲಿದುಕೊಂಡ ಮದುವೆಯ ಉಡುಪನ್ನು ಅವಳು ಕೈಯಾರೆ ಬಿಚ್ಚಿ, ಆ ಬಿಳಿ ಬಟ್ಟೆಯನ್ನು ಬಲಿಪೀಠಕ್ಕೆ ಕೊಟ್ಟಿದ್ದಳು. ಆ ದಿನದಿಂದ ಅವಳ ಪ್ರಾರ್ಥನೆಗೆಲ್ಲ ಒಂದೇ ಕೊನೆ: 'ದೇವರೇ, ಇನ್ನು ಏನೇ ಕೊಡುವುದಿದ್ದರೂ ಮೊದಲು ಒಂದು ಗುರುತು ಕೊಡು.'

ಮತ್ತೆ ಕ್ರಿಸ್ಮಸ್ ಬಂತು. ಹಬ್ಬದ ಮರುದಿನ ಅವಳು ಗೋದಲಿಯ ಮುಂದೆ ಮಂಡಿಯೂರಿ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನೀಲಿ ತೆರೆಗೆ ಮಡಿಕೆ ಹಾಕುತ್ತಿದ್ದಳು. ರಾಜರು ಆಗಷ್ಟೇ ಕಿಟಕಿಯಿಂದ ಹೊರಟಿದ್ದರು. ಹಿಂದೆ ಹೆಜ್ಜೆಯ ಸದ್ದಾಯಿತು. ಬಡಗಿ ಬಂದು ನಿಂತಿದ್ದ.

"ಟೈಲರಮ್ಮ... ಇನ್ನಾದರೂ ಹತ್ತಿರ ಬರಬಹುದಾ?"

ಅವಳು ತಿರುಗಲೂ ಇಲ್ಲ. ಪಿನ್ನುಗಳ ಸಂದಿಯಿಂದಲೇ ಹೇಳಿದಳು: "ಬೇಡ. ದೂರದಲ್ಲಿದ್ದರೇ ಚೆಂದ."

ಹೆಜ್ಜೆಗಳು ಹಿಂದೆ ಸರಿದವು.

ಅಂದಿನಿಂದ ಅವನು ಟೀ ಕುಡಿಯಲು ನಿಲ್ಲಲಿಲ್ಲ. ವರ್ಷದ ಕೊನೆಯ ಮಧ್ಯಾಹ್ನ ದೇವಾಲಯದ ಮೆಟ್ಟಿಲ ಬಳಿ ಎದುರಾದಾಗ ಅವಳ ಮುಖ ನೋಡದೆ ಹೇಳಿದ: "ಬೇರೆ ಊರಿನ ದೇವಾಲಯದ ಬಾಗಿಲು ಮಾಡಿಕೊಡಬೇಕು. ಒಪ್ಪಿಕೊಂಡೆ. ನಾಳೆ ಪೂಜೆ ಮುಗಿಸಿ ಹೋಗ್ತೀನಿ."

ಹೋಗ್ತೀನಿ...

ಪಕ್ಕದ ಅಂಗಡಿಗೆ ಹೊರಟವರೂ 'ಹೋಗಿ ಬರ್ತೀನಿ' ಅನ್ನುತ್ತಾರೆ. ಇವನ ಮಾತಿನಲ್ಲಿ ಬರುವುದೇ ಇರಲಿಲ್ಲ. ಅವಳಿಗೆ ಹಳೆಯ ಗಾಯದ ಹೊಲಿಗೆ ಚುರುಕ್ಕೆಂದಿತು. 'ಇವರೂ ಹಾಗೇ. ನಾನು ಏನು ತಪ್ಪು ಮಾಡಿದೆ?'

ಸಂಜೆ ಜಪಸರ ಮುಗಿಸಿ ಅಮ್ಮ ಕೇಳಿದರು, "ಅವನನ್ನ ಒಂದು ಮಾತು ಕೇಳಬಾರದಾ?"

"ಏನಂತ ಕೇಳಲಿ ಅಮ್ಮ? ಅವರ ಮನಸ್ಸಲ್ಲಿ ಏನಿದೆಯೋ. ಒಂದು ಗುರುತು ಕೊಡು ಅಂತ ವರ್ಷವೆಲ್ಲ ದೇವರನ್ನ ಬೇಡಿದ್ದೀನಿ."

"ಗುರುತು ಸಿಕ್ಕಿದ ಮೇಲೆ ನಂಬಿಕೆಗೇನು ಕೆಲಸ, ಮಗಳೇ?" ಅಮ್ಮ ಜಪಸರವನ್ನು ಮಡಿಚಿ ಅವಳ ಅಂಗೈಯಲ್ಲಿಟ್ಟರು. "ಮೊದಲು ಹೆಜ್ಜೆ ಇಡು. ಬಿದ್ದರೆ ಹಿಡಿಯೋಕೆ ದೇವರಿದ್ದಾನೆ. ನಾನೂ ಇದ್ದೀನಿ, ಮಂಡಿನೋವು ಬಿಟ್ಟರೆ ಗಟ್ಟಿಯಾಗೇ ಇದ್ದೀನಿ."

ಹೊಸ ವರ್ಷದ ಬೆಳಿಗ್ಗೆ ದೇವಾಲಯ ಮೇಣದ ವಾಸನೆಯಿಂದ ತುಂಬಿತ್ತು. ಅಂದು ದೇವಮಾತೆಯ ಹಬ್ಬ. ಕುರುಬರು ಹೇಳಿದ್ದನ್ನೆಲ್ಲ ಮರಿಯಮ್ಮ ಮನಸ್ಸಿನಲ್ಲಿಟ್ಟುಕೊಂಡು ಧ್ಯಾನಿಸುತ್ತಿದ್ದಳು ಎಂದು ಫಾದರ್ ಶುಭಸಂದೇಶ ಓದಿದರು. ಅವಳು ತಲೆ ಎತ್ತಿ ತಾಯಿಯ ಪ್ರತಿಮೆಯನ್ನು ನೋಡಿದಳು. ದಾರಿ ಎಲ್ಲಿಗೆ ಹೋಗುತ್ತದೆಂದು ತಿಳಿಯದೆಯೇ ದೇವದೂತನಿಗೆ 'ಆಗಲಿ' ಎಂದವಳು ಈ ತಾಯಿ.

'ಅಮ್ಮಾ, ಗುರುತು ಬೇಡ. ನಿನಗಿದ್ದ ಧೈರ್ಯದಲ್ಲಿ ಒಂದು ಚೂರು ಕೊಡು.'

ಪೂಜೆಯ ನಡುವೆ ಅಕ್ಕಪಕ್ಕದವರೊಡನೆ ಶಾಂತಿ ಹಂಚಿಕೊಳ್ಳುವ ಹೊತ್ತಿಗೆ ಹಿಂದಕ್ಕೆ ತಿರುಗಿದರೆ, ಹಿಂದಿನ ಬೆಂಚಿನಲ್ಲಿ ಅವನೇ ಇದ್ದ. ಕಾಲ ಬಳಿ ಉಪಕರಣಗಳ ಚೀಲ.

"ಶಾಂತಿ ನಿಮ್ಮೊಂದಿಗಿರಲಿ," ಎಂದ ಮೆಲ್ಲಗೆ.

"ನನಗೆ ಶಾಂತಿ ಇಲ್ಲ," ಎಂದಳು ಅವಳು ಇನ್ನೂ ಮೆಲ್ಲಗೆ. "ಪೂಜೆ ಆದ ಮೇಲೆ ಗೋದಲಿ ಹತ್ತಿರ ಇರಿ."

ಪಕ್ಕದಲ್ಲಿದ್ದ ಅಮ್ಮ ಏನೂ ಕೇಳಿಸದವರಂತೆ ಗಟ್ಟಿಯಾಗಿ ಪ್ರಾರ್ಥನೆ ಹೇಳತೊಡಗಿದರು.

ಜನ ಕರಗಿದ ಮೇಲೆ ಅವನು ಬಂದ. ಅವಳ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಆದರೂ ಕಣ್ಣು ತಗ್ಗಿಸಲಿಲ್ಲ.

"ನಿಮ್ಮ ಮನಸ್ಸಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನನ್ನ ಮನಸ್ಸಲ್ಲಿ ನೀವಿದ್ದೀರಿ. ಹೇಳದೆ ಹೊಸ ವರ್ಷ ಶುರು ಮಾಡಬಾರದು ಅನ್ನಿಸ್ತು. ಅಷ್ಟೇ... ಇನ್ನು ಹೋಗೋದಾದರೆ ಹೋಗಿ."

ಅವನು ಚೀಲವನ್ನು ನೆಲಕ್ಕಿಳಿಸಿದ.

"ಮತ್ತೆ... ದೂರದಲ್ಲಿದ್ದರೇ ಚೆಂದ ಅಂದಿರಲ್ಲ?"

"ಯಾರಿಗಂದೆ?"

"ನನಗೇ. ಇದೇ ಜಾಗದಲ್ಲಿ. ಹತ್ತಿರ ಬರಬಹುದಾ ಅಂತ ಕೇಳಿದ್ದಕ್ಕೆ."

"ಅಯ್ಯೋ ಮೇಸ್ತ್ರಿ... ನಾನು ರಾಜರಿಗೆ ಹೇಳಿದ್ದು."

"ನಾನು ರಾಜರ ವಿಷಯ ಕೇಳಲಿಲ್ಲ."

"ಹಾಗಾದರೆ 'ನಾನು' ಅಂತ ಒಂದು ಮಾತು ಸೇರಿಸಿ ಕೇಳಬಾರದಿತ್ತಾ? ಅಷ್ಟು ಜಿಪುಣತನ ಯಾಕೆ?"

"ಧೈರ್ಯ ಅಷ್ಟೇ ಇತ್ತು."

ಇಬ್ಬರೂ ನಕ್ಕರು. ಅವಳ ನಗು ನಡುವೆಯೇ ಅಳುವಾಯಿತು. ಅವನು ಕೈ ಚಾಚಿದವನು, ಮರದ ಮೇಣ ಹತ್ತಿದ ಬೆರಳು ನೋಡಿ ಹಿಂದಕ್ಕೆ ತೆಗೆದುಕೊಂಡ. ಅವಳೇ ಆ ಕೈ ಹಿಡಿದಳು.

"ಆದರೆ ಮಾತು ಕೊಟ್ಟಿದ್ದೀನಿ," ಎಂದ ಅವನು ನೋವಿನಿಂದ. "ಆ ಬಾಗಿಲು ಮಾಡಲೇಬೇಕು. ಬೇಸಿಗೆಯ ಪಾಸ್ಕ ಹಬ್ಬದ ಹೊತ್ತಿಗೆ ಬಂದು ನಿಮ್ಮ ಅಮ್ಮನ ಹತ್ತಿರ ಕೇಳ್ತೀನಿ. ನಿಮಗೆ ಹಿಂದೆ ಆದದ್ದು ನನಗೆ ಗೊತ್ತು... ಗುರುತಿಗೆ ಇದನ್ನ ಇಟ್ಟುಕೊಳ್ಳಿ." ಚೀಲದಿಂದ ಹಳೆಯ ಉಳಿ ತೆಗೆದ. ಅವನ ಅಪ್ಪನ ಕಾಲದ್ದು, ಅವನು ಯಾರ ಕೈಗೂ ಕೊಡದ್ದು.

ವರ್ಷಗಟ್ಟಲೆ ಬೇಡಿದ ಗುರುತು ಅವಳ ಕಣ್ಣೆದುರೇ ಇತ್ತು. ಅವಳು ಅದನ್ನು ಒಮ್ಮೆ ಮುಟ್ಟಿ, ಮತ್ತೆ ಚೀಲದೊಳಗೇ ಇಟ್ಟಳು.

"ಬೇಡ. ಉಳಿ ಇಲ್ಲದೆ ಅಲ್ಲಿ ಬಾಗಿಲನ್ನ ಹಲ್ಲಿನಲ್ಲಿ ಕಡೀತೀರಾ?"

ಅವನು ಅವಳನ್ನೇ ನೋಡಿದ. "ನಂಬ್ತೀರಾ?"

ಅವಳು ಬಗ್ಗಿ ಮೂವರು ರಾಜರನ್ನು ಅಂದಿನ ಪಾಲಿನಷ್ಟು ಮುಂದೆ ಸರಿಸಿದಳು. ಗೋದಲಿ ಇನ್ನೂ ದೂರವಿತ್ತು. ಅವರ ಮಣ್ಣಿನ ಮುಖಗಳಲ್ಲಿ ಆತುರವಿರಲಿಲ್ಲ.

"ದಾರಿಯಲ್ಲಿರೋರನ್ನ ಕಾಯೋದು ನನಗೆ ಹೊಸದಲ್ಲ," ಎಂದಳು.

ಬಾಗಿಲಿನವರೆಗೆ ಜೊತೆಯಾಗಿ ನಡೆದರು. ಹೊರಗೆ ಹೊಸ ವರ್ಷದ ಎಳೆಬಿಸಿಲು ಮೆಟ್ಟಿಲ ಮೇಲೆ ಹರಡಿತ್ತು. ಅವನು ಚೀಲ ಹೆಗಲಿಗೇರಿಸಿ, ಎರಡು ಮೆಟ್ಟಿಲಿಳಿದು ತಿರುಗಿದ.

"ಬರ್ತೀನಿ."

ಅವಳ ಕಣ್ಣು ತುಂಬಿತು. ಆದರೆ ದನಿ ನಡುಗಲಿಲ್ಲ.

"ಬನ್ನಿ."