ಮೂರನೇ ಕಂಪ್ಯೂಟರಿನ ಪೇಸ್ಟು

"ನನ್ನ ಮಗ ಮೋಸ ಮಾಡಾಂವ ಅಲ್ರಿ, ಬಾಯಾರ."

ಸೀತವ್ವ ಹೊಸ್ತಿಲಲ್ಲೇ ನಿಂತು ಹೀಗೆಂದಾಗ ಅಬಿದಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಅದು ಎರಡು ಸಾವಿರದ ಎರಡನೇ ಇಸವಿಯ ಮೇ ತಿಂಗಳು. ಮುದ್ದೇಬಿಹಾಳದ ವಕೀಲೆ ಭುವನೇಶ್ವರಿಯ ಪಡಸಾಲೆಯಲ್ಲಿ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಅಬಿದಾಳ ಬೇಸಿಗೆ ರಜೆಯೆಲ್ಲ ಕಳೆಯುತ್ತಿದ್ದುದು ಅಲ್ಲೇ. ಪೊಲೀಸ್ ಠಾಣೆಗೆ ಒಯ್ಯಲಾಗದ, ಆದರೆ ಮನಸ್ಸಿಗೆ ನೆಮ್ಮದಿ ಕೊಡದ ಸಂಗತಿಗಳನ್ನು ಊರಿನವರು ಭುವನೇಶ್ವರಿಯ ಮುಂದೆ ತಂದಿಡುತ್ತಿದ್ದರು. ಅವಳು ಅವುಗಳ ಗಂಟು ಬಿಡಿಸುವ ಬಗೆಯನ್ನು ನೋಡುವುದು ಅಬಿದಾಳಿಗೆ ತೀರದ ಬೆರಗು.

"ಒಳಗ ಬರ್ರಿ ಅವ್ವಾ. ಕುಂತು ಮೊದಲಿಂದ ಹೇಳ್ರಿ" ಎಂದಳು ಭುವನೇಶ್ವರಿ.

ಸೀತವ್ವ ಇಂಡಿ ತಾಲ್ಲೂಕಿನ ಅಗರಖೇಡದವರು. ಮಗ ಧರ್ಮರಾಜ ಮುದ್ದೇಬಿಹಾಳದಲ್ಲಿ ಸಿದ್ದಲಿಂಗನ ಕಂಪ್ಯೂಟರ್ ಕೇಂದ್ರದಲ್ಲಿ ಮೇಷ್ಟ್ರು. ತಗಡಿನ ಮಾಡಿನ ಕೆಳಗೆ ನಡೆಯುತ್ತಿದ್ದ ಆ ಕೇಂದ್ರದಲ್ಲಿ ಬೇಸಿಗೆ ಬಂತೆಂದರೆ ಯಂತ್ರಗಳು ಕಾದು ಕಾದು ಬಂದ್ ಬೀಳುತ್ತಿದ್ದವು. ಕಂಪ್ಯೂಟರಿನ ಪ್ರೊಸೆಸರ್ ಬಿಸಿಯಾಗುತ್ತದೆ. ಆ ಬಿಸಿಯನ್ನು ಮೇಲೆ ಕೂತ ಲೋಹದ ತುಂಡು ಹೀರಿಕೊಳ್ಳಬೇಕು. ಎರಡರ ನಡುವೆ ಸವರುವ ಥರ್ಮಲ್ ಪೇಸ್ಟ್ ಚೆನ್ನಾಗಿರದಿದ್ದರೆ ಬಿಸಿ ದಾಟುವುದಿಲ್ಲ. ಅಂಗಡಿಯ ಅಗ್ಗದ ಬಿಳಿ ಪೇಸ್ಟು ಆ ಸೆಕೆಗೆ ಸಾಲುತ್ತಿರಲಿಲ್ಲ. ಬೆಳ್ಳಿಪುಡಿ ಬೆರೆಸಿದ ಪೇಸ್ಟು ಬಲು ದುಬಾರಿ. ಧರ್ಮರಾಜ ವರ್ಷಗಟ್ಟಲೆ ಹೆಣಗಿ ಸಿಲಿಕೋನ್ ಎಣ್ಣೆಯಲ್ಲಿ ಝಿಂಕ್ ಆಕ್ಸೈಡ್ ಪುಡಿಯನ್ನು ನುಣ್ಣಗೆ ಅರೆದು ತನ್ನದೇ ಪೇಸ್ಟು ಮಾಡಿದ್ದ.

ಸಿದ್ದಲಿಂಗನಿಗೆ ಇಂಡಿ, ಸಿಂದಗಿ, ಬಸವನ ಬಾಗೇವಾಡಿಗಳಲ್ಲೂ ಕೇಂದ್ರಗಳಿದ್ದವು. ಮೂರು ಪೇಸ್ಟುಗಳನ್ನು ಒಂದೇ ತರಹದ ಮೂರು ಯಂತ್ರಗಳಿಗೆ ಹಚ್ಚಿ ಎಲ್ಲರೆದುರು ಹೋಲಿಸಿ ನೋಡುವುದು, ಧರ್ಮರಾಜನದು ಬೆಳ್ಳಿಯ ಹತ್ತಿರ ಬಂದರೆ ಸಾಕು, ನಾಲ್ಕೂ ಊರುಗಳಿಗೆ ಅದನ್ನೇ ಬಳಸುವುದು ಎಂದು ಅವನು ಸಾರಿದ್ದ. ಭಾನುವಾರ ಊರಿನ ಹಿರಿಯರು, ವಿದ್ಯಾರ್ಥಿಗಳ ಮನೆಯವರು ಎಲ್ಲ ಸೇರಿದ್ದರು. ಯಂತ್ರಗಳನ್ನು ಚಾಲೂ ಮಾಡಿದ ಸ್ವಲ್ಪ ಹೊತ್ತಿಗೇ ಧರ್ಮರಾಜನ ಪೇಸ್ಟು ಹಚ್ಚಿದ ಮೂರನೇ ಕಂಪ್ಯೂಟರ್ ಸುಟ್ಟ ವಾಸನೆ ಹೊಡೆದು ಸತ್ತೇ ಹೋಯಿತು.

"ಎಲ್ಲಾರ ಮುಂದ ಮೋಸಗಾರ ಅಂದ್ರು. ನಾಳಿಂದ ಬರಬ್ಯಾಡ ಅಂದ್ರು" ಎಂದು ಸೀತವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಮಗನ ಶಾಣ್ಯಾತನ ನೋಡಾಕ ಅಂತ ಊರಿಂದ ಬಂದಿದ್ದೆ. ಇದನ್ನ ನೋಡಿದೆ."

ಭುವನೇಶ್ವರಿ ಚಪ್ಪಲಿ ಮೆಟ್ಟಿದಳು. "ನಡಿ ಅಬಿದಾ. ಆ ಯಂತ್ರ ಯಾರರ ತೊಳದು ಹಾಕೂದ್ರಾಗ ನೋಡೂಣು."

ಕೇಂದ್ರದಲ್ಲಿ ಸಿದ್ದಲಿಂಗ ಮುಖ ಗಂಟಿಕ್ಕಿಕೊಂಡು ಕೂತಿದ್ದ. ಬೆಳ್ಳಿ ಪೇಸ್ಟು ಮಾರುವ ಅಮಿತ ತನ್ನ ಸಾಮಾನು ಕಟ್ಟುತ್ತಿದ್ದ. ಧರ್ಮರಾಜನ ಜೊತೆಯಲ್ಲಿ ಕಲಿಸುವ ಶೈಲಶ್ರೀಯ ಕಣ್ಣು ಕೆಂಪಾಗಿದ್ದವು. ತನ್ನ ಪುಸ್ತಕಗಳನ್ನು ಒಯ್ಯಲು ಬಂದಿದ್ದ ಧರ್ಮರಾಜ ಕಿಟಕಿಯ ಬಳಿ ನಿಂತಿದ್ದ.

"ಮುಂಚೆ ಪರೀಕ್ಷೆ ಮಾಡಿ ನೋಡಿದ್ರೇನು?" ಎಂದು ಭುವನೇಶ್ವರಿ ಅವನನ್ನು ಕೇಳಿದಳು.

"ಶನಿವಾರ ಮುಂಜಾನೆ ಎಲ್ಲಾರೂ ಕೂಡೇ ನೋಡೇವ್ರಿ. ಬೆಳ್ಳಿದು ಎಲ್ಲಕ್ಕಿಂತ ತಣ್ಣಗ. ನಂದು ಎರಡು ಡಿಗ್ರಿ ಹಿಂದ. ಬಿಳೀದು ಬಾಳ ಹಿಂದ. ಎಷ್ಟು ಸಲ ಮಾಡಿದ್ರೂ ಹಂಗ ಬರೂದು, ನಂದು ಬೆಳ್ಳಿನ್ನ ಒಮ್ಮೀನೂ ದಾಟಿಲ್ರಿ. ಆಮ್ಯಾಲೆ ಅವ್ವನ್ನ ಕರಕೊಂಡ ಬರಾಕ ಅಗರಖೇಡಕ್ಕ ಹೋದೆ."

ಶನಿವಾರ ಮಧ್ಯಾಹ್ನ ಇಲ್ಲಿ ಯಾರಿದ್ದರು ಎಂಬ ಪ್ರಶ್ನೆಗೆ ಉತ್ತರಗಳು ಒಂದೊಂದಾಗಿ ಬಂದವು. ಸಿದ್ದಲಿಂಗ ಸಿಂದಗಿಗೆ ಹೋಗಿದ್ದ, ಆದರೆ ಒಂದು ಕೀಲಿ ಅವನ ಬಳಿಯಿತ್ತು. ಅಮಿತ ಮರೆತ ಸ್ಕ್ರೂಡ್ರೈವರ್ ಒಯ್ಯಲು ಮತ್ತೆ ಬಂದಿದ್ದ. ಶೈಲಶ್ರೀ ಪಾಠ ಮುಗಿಸಿ ಸಂಜೆ ಬೀಗ ಹಾಕಿದ್ದಳು.

"ಅವರ ಪೇಸ್ಟಿನ ತಪ್ಪಲ್ರಿ" ಎಂದಳು ಶೈಲಶ್ರೀ ಒಮ್ಮೆಲೇ. "ನಾ ಕಣ್ಣಾರೆ ನೋಡೇನಿ, ಅದು ಬೆಳ್ಳಿಗಿಂತ ತಣ್ಣಗಿತ್ತು. ಅದ್ಹೆಂಗ ಸುಟ್ಟಿತೋ ಗೊತ್ತಿಲ್ಲ."

ಭುವನೇಶ್ವರಿ ತಲೆಯಾಡಿಸಿ ಯಂತ್ರದ ಕಡೆ ತಿರುಗಿದಳು. ಧರ್ಮರಾಜ ಲೋಹದ ತುಂಡನ್ನು ಕಳಚಿ ಕೊಟ್ಟ. ಸುಟ್ಟ ಪ್ರೊಸೆಸರಿನ ಮೇಲಿನ ಬಿಳಿ ಪದರ ಬೇಸಿಗೆಯ ಕೆರೆಯ ತಳದಂತೆ ಒಣಗಿ ಬಿರುಕು ಬಿಟ್ಟಿತ್ತು. ಆದರೆ ಅದನ್ನು ಸವರಿದ ಕೈ ಅಚ್ಚುಕಟ್ಟಾದದ್ದು. ಅಂಚಿನಿಂದ ಅಂಚಿಗೆ ತೆಳ್ಳಗೆ, ಒಂದೇ ಸಮನಾಗಿ ಬಳಿದಿತ್ತು.

"ಅಬಿದಾ, ಸಿಲಿಕೋನ್ ಎಣ್ಣಿ ನೀರಾಗ ಕೂಡತೈತೇನು?"

"ಇಲ್ಲಕ್ಕ. ಎಷ್ಟು ತಿಕ್ಕಿದ್ರೂ ಜಾರತೈತಿ."

ಅಬಿದಾ ಪದರದ ಒಂದು ಚೂರನ್ನು ಅಂಗೈ ಮೇಲಿಟ್ಟು ನೀರು ಹಾಕಿ ತಿಕ್ಕಿದಳು. ಅದು ಕರಗಿತು. ಸಣ್ಣ ನೊರೆ ಎದ್ದಿತು. ಮೂಗಿನ ಹತ್ತಿರ ತಂದಳು, ಪುದೀನಾ ವಾಸನೆ.

"ಇದು ಹಲ್ಲು ತಿಕ್ಕೂ ಪೇಸ್ಟು" ಎಂದಳು ಅಬಿದಾ.

ಸಿದ್ದಲಿಂಗ ಎದ್ದು ಅಮಿತನ ಕಡೆ ಕೈ ಮಾಡಿದ. "ಶನಿವಾರ ಪರೀಕ್ಷೆ ಮುಗಿಸಿ ಎಲ್ಲಾರೂ ಚಾ ಕುಡಿಯೂವಾಗ ಟೂತ್‌ಪೇಸ್ಟಿನ ಮಾತು ತಗದಾಂವ ಇವನ. ಅದು ತನ್ನ ಬೆಳ್ಳಿನ್ನೂ ಸೋಲಸ್ತೈತಿ ಅಂದಿದ್ದ."

"ನಗಚಾಟಿಕಿಗೆ ಅಂದಿದ್ದೆ" ಎಂದ ಅಮಿತ. "ನೀರಿನಂಶ ಇರೂತನಾ ಅಷ್ಟ. ಒಣಗಿದ ಮ್ಯಾಲೆ ಯಂತ್ರ ಸುಡತೈತಿ ಅನ್ನೂದ್ರಾಗ ನನಗ ಫೋನ್ ಬಂತು, ಹೊರಗ ಹೋದೆ."

ಎಲ್ಲರ ಕಣ್ಣೂ ಅಮಿತನ ಮೇಲೆ ನೆಟ್ಟವು. ಅಬಿದಾಳಿಗೂ ಅಪರಾಧಿ ಸಿಕ್ಕಿಬಿಟ್ಟನೆಂದೇ ಅನ್ನಿಸಿತು. ಭುವನೇಶ್ವರಿ ಮಾತ್ರ, ಭಾನುವಾರ ಬಂದಿದ್ದವರೆಲ್ಲ ಮರುದಿನ ಮತ್ತೆ ಬರಬೇಕೆಂದು ಹೇಳಿಕಳಿಸಿ ಎಂದು ಸಿದ್ದಲಿಂಗನಿಗೆ ತಿಳಿಸಿ ಹೊರಟಳು.

"ಇಷ್ಟು ಮಂದಿ ಯಾಕಕ್ಕಾ?" ಎಂದು ದಾರಿಯಲ್ಲಿ ಅಬಿದಾ ಕೇಳಿದಳು.

"ಆ ಹುಡುಗನ ಹೆಸರು ಎಲ್ಲಾರ ಮುಂದ ಕೆಟ್ಟೈತಿ. ಮನಿಯೊಳಗ ಕುಂತು ತಿದ್ದಿದ್ರ ಯಾರಿಗೆ ತಿಳೀತೈತಿ?"

ಮರುದಿನ ಕೇಂದ್ರದಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಸೀತವ್ವನನ್ನು ಭುವನೇಶ್ವರಿ ಮುಂದಿನ ಸಾಲಿನಲ್ಲೇ ಕೂರಿಸಿದಳು.

"ಸುಟ್ಟದ್ದು ಧರ್ಮರಾಜನ ಪೇಸ್ಟಲ್ಲ" ಎಂದು ಅವಳು ಮೊದಲ ಮಾತಿನಲ್ಲೇ ಹೇಳಿಬಿಟ್ಟಳು. "ಅದನ್ನ ಒರಸಿ ತಗದು ಯಾರೋ ಟೂತ್‌ಪೇಸ್ಟ್ ಹಚ್ಯಾರ. ಅಬಿದಾ ನೀರು ಹಾಕಿ ತೋರಿಸ್ಯಾಳ. ಈಗ ಹಚ್ಚಿದವರ್ಯಾರು? ಎಲ್ಲಾರೂ ಅಮಿತ ಅಂತೀರಿ. ಆದ್ರ ಟೂತ್‌ಪೇಸ್ಟಿನ ಮಾತು ಎಲ್ಲಾರ ಮುಂದ ತಗದಾಂವ ಅವನ. ಮೋಸ ಮಾಡಾಂವ ತನ್ನ ಗುಟ್ಟು ತಾನ ಹೇಳತಾನೇನು? ಸಿದ್ದಲಿಂಗರಿಗೂ ತಮ್ಮ ಪ್ರೊಸೆಸರ್ ತಾವ ಸುಟ್ಟುಕೊಂಡು ಲಾಭಿಲ್ಲ."

ಅವಳು ಸುಟ್ಟ ಪ್ರೊಸೆಸರನ್ನು ಎತ್ತಿ ಎಲ್ಲರಿಗೂ ತೋರಿಸಿದಳು.

"ಆ ಪದರ ನೋಡಿದಾಗಿಂದ ನನಗ ಒಂದ ವಿಚಾರ. ಕೆಡಸಬೇಕು ಅನ್ನಾಂವ ಹಿಂಗ ಹಚ್ಚೂದಿಲ್ಲ. ಫ್ಯಾನಿನ ವಾಯರ್ ಸಡಲ ಮಾಡಿದ್ರ ಸಾಕಿತ್ತು. ಇದನ್ನ ಹಚ್ಚಿದವರು ಉಸಿರು ಬಿಗಿ ಹಿಡದು, ಚಲೋ ಆಗಲಿ ಅಂತ ಹಚ್ಯಾರ. ಧರ್ಮರಾಜ ಮೊದಲನೇ ನಂಬರ ಬರಲಿ ಅಂತ. ಹಸಿ ಇದ್ದಾಗ ಚಾಲೂ ಮಾಡಿ ನೋಡ್ಯಾರ, ಬೆಳ್ಳಿಗಿಂತ ತಣ್ಣಗ ಬಂದೈತಿ. ಖುಷಿಲೆ ಬೀಗ ಹಾಕ್ಯಾರ. ರಾತ್ರ್ಯಾಗ ಅದು ಒಣಗೂದು ಅವರಿಗೆ ಗೊತ್ತಿರಲಿಲ್ಲ, ಅಮಿತನ ಮಾತು ಅರ್ಧಕ್ಕ ನಿಂತಿತ್ತಲ್ಲ."

ಅಬಿದಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಧರ್ಮರಾಜನ ಪೇಸ್ಟು ಒಮ್ಮೆಯೂ ಬೆಳ್ಳಿಯನ್ನು ದಾಟಿರಲಿಲ್ಲ. ಭಾನುವಾರವಂತೂ ಅದು ಶುರುವಿನಿಂದಲೇ ಕಾದಿತ್ತು. ಹಾಗಾದರೆ ಮೂರನೇ ಯಂತ್ರ ಬೆಳ್ಳಿಗಿಂತ ತಣ್ಣಗಿದ್ದದ್ದನ್ನು ಕಂಡವರು ಶನಿವಾರ ಮಧ್ಯಾಹ್ನ ಅದರ ಮುಂದೆ ಕೂತವರು ಮಾತ್ರ. ಬೆಳ್ಳಿಗಿಂತ ತಣ್ಣಗಿತ್ತು ಎಂಬ ಮಾತು ನಿನ್ನೆ ತನ್ನ ಕಿವಿಗೂ ಬಿದ್ದಿತ್ತು. ತಾನು ಅದನ್ನು ಸಮಾಧಾನದ ಮಾತೆಂದು ಬಿಟ್ಟುಬಿಟ್ಟಿದ್ದಳು, ಭುವನೇಶ್ವರಿ ಹಿಡಿದಿಟ್ಟುಕೊಂಡಿದ್ದಳು.

ಭುವನೇಶ್ವರಿ ಹೆಸರು ಹೇಳಲಿಲ್ಲ. ಗೋಡೆಗೊರಗಿ ಕಾದಳು.

ಶೈಲಶ್ರೀ ತಾನೇ ಎದ್ದು ನಿಂತಳು. "ನಾನ ಹಚ್ಚಿದೆ" ಎಂದಳು. "ಯಂತ್ರ ಸುಟ್ಟಾಗ ನಾ ಹಚ್ಚಿದ್ದರಿಂದನ ಅಂತ ಅನಿಸಲೇ ಇಲ್ಲ. ನಿನ್ನೆ ಅಬಿದಾಬಾಯಾರು ನೊರಿ ತೋರಿಸಿದಾಗ ತಿಳೀತು. ಹೇಳಾಕ ಬಾಯಿ ಬರಲಿಲ್ಲ."

ಯಾರೋ ಹಿಂದಿನಿಂದ ಗೊಣಗಿದರು. ಧರ್ಮರಾಜ ಕಿಟಕಿಯಿಂದ ಮುಂದೆ ಬಂದ. "ನನ್ನ ಪೇಸ್ಟಿನ ಮ್ಯಾಲೆ ನಿಮಗ ನಂಬಿಕಿ ಇರಲಿಲ್ಲೇನು?"

"ನಿಮ್ಮ ಮ್ಯಾಲೆ ಇತ್ತು" ಎಂದಳು ಶೈಲಶ್ರೀ. "ಎರಡನೇ ನಂಬರ ಬಂದ್ರ ಮಂದಿ ನಿಮ್ಮನ್ನ ಸಣ್ಣಾಂವ ಮಾಡ್ತಾರ ಅಂತ ಹೆದರಿದೆ."

ಧರ್ಮರಾಜ ಜೇಬಿನಿಂದ ತನ್ನ ಪೇಸ್ಟಿನ ಸಣ್ಣ ಡಬ್ಬಿ ತೆಗೆದು ಅವಳ ಕೈಗಿಟ್ಟ. "ಇದನ್ನೂ ನೀವ ಸವರ್ರಿ. ನನಗಿಂತ ಚಲೋ ಸವರತೀರಿ."

ಸಿದ್ದಲಿಂಗ ಹೊಸ ಪ್ರೊಸೆಸರ್ ತಂದುಕೊಟ್ಟ. ಜನರ ಮುಂದೆಯೇ ಮೂರೂ ಯಂತ್ರಗಳು ಮತ್ತೆ ಚಾಲೂ ಆದವು. ತಗಡು ಕಾದು ಚಟಗುಟ್ಟುವ ಮಧ್ಯಾಹ್ನವೆಲ್ಲ ಅವು ಓಡಿದವು. ಪರದೆಯ ಮೇಲೆ ಬೆಳ್ಳಿ ಐವತ್ತೆಂಟು ಡಿಗ್ರಿ, ಧರ್ಮರಾಜನದು ಅರವತ್ತು. ಬಿಳಿ ಪೇಸ್ಟು ಅರವತ್ತೇಳು ದಾಟಿತು. ಆ ಅಂಕಿಗಳು ಸಂಜೆಯವರೆಗೂ ಅಲುಗಲಿಲ್ಲ.

"ಊರಾಗ ಅರದದ್ದು, ಬರೇ ಎರಡು ಡಿಗ್ರಿ ಹಿಂದ" ಎಂದು ಅಮಿತ ತಲೆ ಕೆರೆದುಕೊಂಡ. "ಧರ್ಮರಾಜ, ನನಗೂ ಮಾರಾಕ ಕೊಡ್ತಿಯೇನಪಾ?"

ಸಿದ್ದಲಿಂಗ ಬಂದು ಎಲ್ಲರೆದುರು ಧರ್ಮರಾಜನ ಎರಡೂ ಕೈ ಹಿಡಿದುಕೊಂಡ. "ನಾ ಅಂದದ್ದು ತಪ್ಪಾತು. ಮನಸಿನಾಗ ಇಟಕೋಬ್ಯಾಡ. ನಾಕೂ ಊರಿಗೆ ಬೇಕು, ಮಳಿಗಾಲದೊಳಗ ಆಗತೈತೇನು?"

"ಒಬ್ಬನ ಕೈಲೆ ಆಗೂದಿಲ್ರಿ" ಎಂದ ಧರ್ಮರಾಜ.

ಅವನು ಯಾರನ್ನೂ ಕರೆಯಲಿಲ್ಲ. ಶೈಲಶ್ರೀ ಆಗಲೇ ವೇಲನ್ನು ಸೊಂಟಕ್ಕೆ ಬಿಗಿದು, ಮನೆಯಲ್ಲಿ ಧರ್ಮರಾಜನ ಸಿಲಿಕೋನ್ ಎಣ್ಣೆಯ ಬಾಟಲಿ ಎಲ್ಲಿದೆ ಎಂದು ಸೀತವ್ವನನ್ನು ಕೇಳುತ್ತಿದ್ದಳು.