ಮ್ಯಾಟಿಯ ಬೊಜ್ಜು

"ಅದನ್ನ ನಾನು ಮುಟ್ಟೋದೂ ಇಲ್ಲ," ಅಂದಳು ಬ್ರೋನಾ.

ಅದು ಹಿತ್ತಿಲ ಬಾಗಿಲಲ್ಲಿ ನಿಂತಿತ್ತು. ಮುಂದೆ ಒಂದು ಚಕ್ರ, ಹಿಂದೆ ಎರಡು ಹಿಡಿಕೆ, ನಡುವೆ ಸುಣ್ಣದ ನೀರು ತುಂಬುವ ತಗಡಿನ ಡಬ್ಬಿ. ಆಟದ ಮೈದಾನದಲ್ಲಿ ಬಿಳಿ ಗೆರೆ ಎಳೆಯುವ ಗಾಡಿ. ಅದರ ಪಕ್ಕದಲ್ಲಿ ಆಚೆಮನೆಯ ಪ್ಯಾಕಿ ಮಾಮ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

"ತಿಕ್ಕಿ ತಿಕ್ಕಿ ತೊಳ್ದಿದೀನಿ ಕಣೇ. ನಿಮ್ಮಜ್ಜನ ಕೈಯಲ್ಲಿದ್ದಾಗ ಇದು ಇಷ್ಟು ಫಳಫಳ ಅಂದಿದ್ದೇ ಇಲ್ಲ," ಅಂದ.

"ಬೇಡ ಅಂದ್ನಲ್ಲ ಮಾಮ."

"ಬ್ರೋನಾ," ಅಂದಳು ಅಮ್ಮ. ಅಷ್ಟೇ ಅಂದಳು. ಅಮ್ಮ ಬರೀ ಹೆಸರು ಹೇಳಿ ಸುಮ್ಮನಾದರೆ ಅದು ಬೈಗುಳಕ್ಕಿಂತ ಹೆಚ್ಚು.

ನವೆಂಬರ್ ಬಂತೆಂದರೆ ಕ್ಲೂನಾರ್ಡ್ ಊರಲ್ಲಿ ಆ ವರ್ಷ ತೀರಿಕೊಂಡವರನ್ನೆಲ್ಲ ಒಂದು ಸಂಜೆ ಕೂತು ನೆನೆಯುತ್ತಾರೆ. ಚರ್ಚ್ ಪಕ್ಕದ ಹಾಲ್‌ನಲ್ಲಿ ಉದ್ದನೆಯ ಮೇಜು ಹಾಕಿ, ಒಬ್ಬೊಬ್ಬರ ಹೆಸರಿಗೂ ಒಂದೊಂದು ಮೇಣದಬತ್ತಿ ಹಚ್ಚುತ್ತಾರೆ. ಆ ಮನೆಯವರು ಯಾರಾದರೂ ಎದ್ದು ಬಂದು, ಹೋದವರ ಒಂದು ವಸ್ತುವನ್ನು ಬತ್ತಿಯ ಪಕ್ಕ ಇಟ್ಟು, ಎರಡು ಮಾತು ಹೇಳಬೇಕು. ಈ ಸಲ ಅಜ್ಜನ ಹೆಸರಿಗೆ ಟೈನನ್ ಮನೆಯಿಂದ ಬ್ರೋನಾ. ನಾನೇ ಹೋಗ್ತೀನಿ ಅಂತ ಹಟ ಹಿಡಿದವಳೂ ಅವಳೇ.

"ನಾನು ಪದಕ ತಗೊಂಡು ಹೋಗ್ತೀನಿ," ಅಂದಳು.

ಅಜ್ಜ ಹರೆಯದಲ್ಲಿ ಹರ್ಲಿಂಗ್ ಅನ್ನುವ ಕೋಲು-ಚೆಂಡಿನ ಆಟ ಆಡಿ ಜಿಲ್ಲಾ ಪದಕ ಗೆದ್ದಿದ್ದ. ಅದನ್ನು ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಗುಂಡಿ, ಮೊಳೆ, ಮುರಿದ ಕೀಲಿಗಳ ಜೊತೆ ಹಾಕಿಟ್ಟಿದ್ದ. ಬ್ರೋನಾ ನೋಡಿದ್ದು ಅಜ್ಜ ಹೋದ ಮೇಲೆಯೇ.

"ಪದಕ ಯಾರಿಗೆ ಗೊತ್ತಮ್ಮ?" ಪ್ಯಾಕಿ ಮಾಮ ಮೆಲ್ಲಗೆ ಹೇಳಿದ. "ಊರಿಗೆ ಊರೇ ನೋಡಿರೋದು ನಿಮ್ಮಜ್ಜ ಮ್ಯಾಟಿ ಈ ಗಾಡಿ ತಳ್ಳಿದ್ದನ್ನ."

"ಅದಕ್ಕೇ ಬೇಡ. ಎಲ್ಲರೂ ನಗ್ತಾರೆ. ನೀವೇ ಮೊದಲು ನಗ್ತೀರಿ."

ಪ್ಯಾಕಿ ಮಾಮ ಟೋಪಿ ತಲೆಗೆ ಹಾಕಿಕೊಂಡು, ಗಾಡಿ ತಳ್ಳಿಕೊಂಡು ವಾಪಸು ಹೋದ. ಚಕ್ರ ಕಿರ್ ಕಿರ್ ಅನ್ನುವುದು ಗೇಟಿನವರೆಗೂ ಕೇಳಿಸಿತು. ಎಣ್ಣೆ ಹಾಕುವುದನ್ನು ಅವನು ಮರೆತಿದ್ದ.

*

ನಗುವುದು ಯಾಕೆ ಅಂದರೆ, ಬೊಜ್ಜಿಗೆ.

ಕ್ಲೂನಾರ್ಡ್ ಮೈದಾನದ ಗೆರೆಗಳನ್ನು ಬ್ರೋನಾ ಹುಟ್ಟುವ ಎಷ್ಟೋ ಮೊದಲಿನಿಂದ ಎಳೆಯುತ್ತಿದ್ದವನು ಅಜ್ಜ. ಈಚಿನ ಕೆಲವು ವರ್ಷಗಳಲ್ಲಿ ಹಾಥಾರ್ನ್ ಮುಳ್ಳಿನ ಬೇಲಿಯ ಬದಿಯ ಗೆರೆ ನಡುವಿನ ಬಾವುಟದಿಂದ ಮೂಲೆಯವರೆಗೆ ಹೊರಗೆ ಉಬ್ಬಿಕೊಂಡಿರುತ್ತಿತ್ತು. ಊರವರು ಅದಕ್ಕೆ ಮ್ಯಾಟಿಯ ಬೊಜ್ಜು ಅಂತ ಹೆಸರಿಟ್ಟಿದ್ದರು. ಬೇರೆ ಊರಿನ ಆಟಗಾರರಿಗೂ ಆ ಹೆಸರು ಗೊತ್ತಿತ್ತು. "ಬಾಲ್ ಔಟಲ್ಲ ರೆಫ್ರೀ, ಬೊಜ್ಜಿನ ಒಳಗಿದೆ" ಅಂತ ಕೂಗಿದರೆ ಇಡೀ ಮೈದಾನ ನಗುತ್ತಿತ್ತು. ಅಜ್ಜನೂ ಹೊಟ್ಟೆ ಸವರಿಕೊಂಡು ನಗುತ್ತಿದ್ದ.

ಅಜ್ಜ ಇದ್ದಾಗ ಬ್ರೋನಾಗೂ ಅದು ತಮಾಷೆಯೇ. ಈಗ ಅಲ್ಲ.

ಅಜ್ಜ ತೀರಿಕೊಂಡಾಗ ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆ ತೆರೆದಿಟ್ಟಿದ್ದರು. ಊರವರೆಲ್ಲ ಬಂದು ಕೈ ಕುಲುಕಿ, ಚಹಾ ಕುಡಿದು, ಸ್ಯಾಂಡ್‌ವಿಚ್ ತಿಂದು, ಅಜ್ಜನ ಸುತ್ತ ಕೂತಿದ್ದರು. ಆಗ ಪ್ಯಾಕಿ ಮಾಮ ಪೆಟ್ಟಿಗೆಯ ಮೇಲೆ ಬಗ್ಗಿ, "ಅಂತೂ ಮ್ಯಾಟಿ, ಇವತ್ತು ನೆಟ್ಟಗೆ ಮಲಗಿದೀಯಲ್ಲೋ" ಅಂದ. ಕೋಣೆಗೆ ಕೋಣೆಯೇ ನಕ್ಕಿತು. ಅಮ್ಮ ಕೂಡ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ಬ್ರೋನಾ ಎದ್ದು ಹೋಗಿ ಮೆಟ್ಟಿಲ ಕೆಳಗೆ, ಕೋಟುಗಳ ಹಿಂದೆ ಕೂತಳು. ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಜ್ಜ ಅಂದರೆ ಅಷ್ಟೇನಾ? ಒಂದು ಸೊಟ್ಟ ಗೆರೆ, ಒಂದು ಬೊಜ್ಜು? ಎಲ್ಲರೂ ಅಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಮರೆತುಬಿಟ್ಟರೆ?

ಅವಳಿಗೆ ಗೊತ್ತಿದ್ದ ಅಜ್ಜನೇ ಬೇರೆ. ಶನಿವಾರ ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಅವಳ ಬೂಟಿನ ಲೇಸು ಕಟ್ಟುತ್ತಿದ್ದ ಅಜ್ಜ. ಅವಳು ಒಂದನೇ ಕ್ಲಾಸಿಗೆ ಸೇರಿದಾಗಿನಿಂದ ಶನಿವಾರ ಅಂದರೆ ಇಬ್ಬರೂ ಮೈದಾನಕ್ಕೆ. ಅಜ್ಜನ ಸೊಂಟದ ಮೂಳೆ ಸವೆದಿತ್ತು. ನಡುವಿನ ಬಾವುಟ ಬಂದ ಕೂಡಲೇ ನಿಂತು, "ಇಲ್ಲಿಂದ ನನ್ನ ಸೊಂಟಕ್ಕೆ ರಜೆ. ಹಿಡ್ಕೊ ಗಾಡಿನ" ಅನ್ನುತ್ತಿದ್ದ.

ಹಿಡಿಕೆ ಅವಳ ಗಲ್ಲದ ಎತ್ತರಕ್ಕಿತ್ತು. ಅವಳು ತಳ್ಳುತ್ತಿದ್ದಳು. ಅಜ್ಜ ಬೇಲಿಯ ಬದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಕುಂಟುತ್ತಾ ಕತೆ ಹೇಳುತ್ತಿದ್ದ. ಫಾದರ್‌ನ ಸೈಕಲ್ ತಿಂದ ಮೇಕೆಯ ಕತೆ, ಗೋಲು ಕಾಯುತ್ತಾ ಕಾಯುತ್ತಾ ನಿದ್ದೆ ಹೋದ ಗೋಲ್‌ಕೀಪರನ ಕತೆ. ಅಜ್ಜನ ದನಿ ಸಣ್ಣದು, ಗಾಳಿ ಬೇರೆ. ಮೂಲೆ ತಲುಪಿದಾಗ ಗಾಡಿ ತಾನು ತೆಗೆದುಕೊಂಡು, ಹಿಂತಿರುಗಿ ನೋಡಿ, "ಭೇಷ್. ಕೂದಲೆಳೆಯಷ್ಟೂ ಅತ್ತಿತ್ತ ಆಗಿಲ್ಲ" ಅನ್ನುತ್ತಿದ್ದ.

ಈ ಅಜ್ಜನನ್ನು ಹಾಲ್‌ನಲ್ಲಿ ಎರಡು ಮಾತಲ್ಲಿ ಹೇಳುವುದು ಹೇಗೆ? ಅದು ಅವಳಿಗೆ ಬರುತ್ತಿರಲಿಲ್ಲ. ಪದಕ ಸುಲಭ. ಪದಕ ನೋಡಿ ಯಾರೂ ನಗುವುದಿಲ್ಲ.

*

ಹಾಲ್ ತುಂಬಿತ್ತು. ಒದ್ದೆ ಕೋಟುಗಳ ವಾಸನೆ, ಹಿಂದೆ ದೊಡ್ಡ ಪಾತ್ರೆಯಲ್ಲಿ ಕುದಿಯುತ್ತಿದ್ದ ಚಹಾದ ವಾಸನೆ. ಗೋಡೆಯ ಮೇಲೆ ಬಿಳಿ ಪರದೆ ಕಟ್ಟಿದ್ದರು. ಫಾದರ್ ಒಂದೊಂದೇ ಹೆಸರು ಓದುತ್ತಿದ್ದ ಹಾಗೆ ಅವರ ಫೋಟೋಗಳು ಪರದೆಯ ಮೇಲೆ ಬರುತ್ತಿದ್ದವು.

ಮೊದಲು ನ್ಯಾನ್ ಫಾಯ್. ಅವರ ಮೊಮ್ಮಗಳು ಕೀವಾ ಬ್ರೋನಾಳ ಕ್ಲಾಸಿನವಳೇ. ಅಂಚು ನಗ್ಗಿದ ಕೇಕ್ ತಟ್ಟೆ ತಂದಿಟ್ಟು, "ನಮ್ಮ ಅಜ್ಜಿ ಆ್ಯಪಲ್ ಕೇಕ್ ಮಾಡಿದ್ರೆ ಊರಿಗೆಲ್ಲ ಕೊಡೋರು. ನಮಗೆ ಮಾತ್ರ ಸುಟ್ಟ ತುದಿ," ಅಂದಳು. ಎಲ್ಲರೂ ನಕ್ಕರು. ಕೀವಾಳೂ ನಕ್ಕಳು. ವಾಪಸು ಬಂದು ಕೂತ ಮೇಲೆ ಅಳಲು ಶುರು ಮಾಡಿದಳು.

ಆಮೇಲೆ ಡಾರಾ ಹೆಸರು. ಬೈಕಿನಲ್ಲಿ ಹೋಗುತ್ತಾ ಸತ್ತ ಹುಡುಗ, ಕಾಲೇಜು ಕೂಡ ಮುಗಿಸಿರಲಿಲ್ಲ. ಅವನ ಅಮ್ಮ ಎದ್ದು ಬಂದು ಒಂದು ಜೊತೆ ಆಟದ ಬೂಟು ಇಟ್ಟಳು. ಅಡಿಯಲ್ಲಿ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.  ಲೇಸುಗಳನ್ನು ಸರಿ ಮಾಡಿದಳು, ಮತ್ತೆ ಸರಿ ಮಾಡಿದಳು, ಹೋಗಿ ಕೂತಳು. 

"ಮ್ಯಾಥ್ಯೂ ಟೈನನ್," ಅಂದರು ಫಾದರ್. "ನಮ್ಮ ಮ್ಯಾಟಿ."

ಬ್ರೋನಾ ಎದ್ದಳು. ಪದಕ ಬೆವರಿದ ಅಂಗೈಗೆ ಅಂಟಿಕೊಂಡಿತ್ತು. ಮೇಜಿನ ಹತ್ತಿರ ಬರುವಷ್ಟರಲ್ಲಿ ಪರದೆಯ ಮೇಲೆ ಫೋಟೋ ಬಂತು. ಅಜ್ಜನ ಮುಖ ಅಲ್ಲ, ಮೈದಾನ. ಯಾರೋ ಹೋದ ಬೇಸಿಗೆಯಲ್ಲಿ ಗುಡ್ಡದ ಮೇಲೆ ನಿಂತು ತೆಗೆದದ್ದು. ಹಸಿರಿನ ಮೇಲೆ ಬಿಳಿ ಗೆರೆಗಳು, ಗಾಡಿ ತಳ್ಳುವ ಒಂದು ಪುಟ್ಟ ಚುಕ್ಕೆ.

"ಅಗೋ ಬೊಜ್ಜು," ಅಂದರು ಹಿಂದಿನಿಂದ ಯಾರೋ. ನಗು ಹಾಲ್ ತುಂಬ ಹರಿಯಿತು.

ಬ್ರೋನಾಳ ಕಿವಿ ಬಿಸಿಯಾಯಿತು. ತಿರುಗಿ ನಿಂತು ಎಲ್ಲರಿಗೂ ಏನಾದರೂ ಅಂದುಬಿಡಬೇಕು ಅನ್ನಿಸಿತು. ಆದರೆ ಕಣ್ಣು ಪರದೆಯ ಮೇಲೇ ನಿಂತಿತು. ಮೈದಾನವನ್ನು ಅವಳು ಯಾವತ್ತೂ ಮೇಲಿನಿಂದ ನೋಡಿರಲಿಲ್ಲ.

ಗೋಲಿನ ಮುಂದಿನ ಗೆರೆಗಳು ಸ್ಕೇಲ್ ಇಟ್ಟು ಎಳೆದ ಹಾಗಿದ್ದವು. ಆಚೆ ಬದಿಯ ಉದ್ದ ಗೆರೆ ನೇರ. ಈಚೆ ಬೇಲಿಯ ಬದಿಯದೂ ನಡುವಿನ ಬಾವುಟದವರೆಗೆ ನೇರವಾಗಿಯೇ ಬಂದಿತ್ತು. ಬಾವುಟದ ಹತ್ತಿರ ಉಬ್ಬಲು ಶುರುವಾಗಿ, ಮೂಲೆಯಲ್ಲಿ ಮತ್ತೆ ಸರಿಹೋಗಿತ್ತು.

ಬಾವುಟದಿಂದ ಮೂಲೆಯವರೆಗೆ.

ಇಲ್ಲಿಂದ ನನ್ನ ಸೊಂಟಕ್ಕೆ ರಜೆ.

ಫಾದರ್ ಕಾಯುತ್ತಿದ್ದರು. ಅಮ್ಮ ಮುಂದಿನ ಸಾಲಿನಿಂದ ತಲೆಯಾಡಿಸಿ ಹೇಳು ಅಂತ ಸನ್ನೆ ಮಾಡಿದಳು. ಬ್ರೋನಾ ಪದಕವನ್ನು ಬತ್ತಿಯ ಪಕ್ಕ ಇಟ್ಟಳು. ಕನ್ನಡಿ ಮುಂದೆ ನಿಂತು ಬಾಯಿಪಾಠ ಮಾಡಿದ್ದ ಮಾತು ಒಂದೂ ನೆನಪಾಗಲಿಲ್ಲ.

"ಇದು ಅಜ್ಜ ಗೆದ್ದಿದ್ದು," ಅಂದಳು.  ಆಮೇಲೆ ಪರದೆಯ ಕಡೆ ಕೈ ತೋರಿಸಿದಳು. "ಅದು... ಆ ಬೊಜ್ಜು ಅಜ್ಜಂದಲ್ಲ. ಅಲ್ಲಿ ಗಾಡಿ ತಳ್ಳಿದ್ದು ನಾನು. ಅಜ್ಜ ಎಳೆದ ಗೆರೆ ಎಲ್ಲಾ ನೇರವಾಗಿವೆ. ನೋಡಿ ಬೇಕಾದ್ರೆ."

ಯಾರೂ ನಗಲಿಲ್ಲ. ಎಲ್ಲರೂ ನೋಡಿದರು.

ಮೂಲೆಯಲ್ಲಿ ಕೂತಿದ್ದ ಪ್ಯಾಕಿ ಮಾಮ ತಲೆ ತಗ್ಗಿಸಿ, ಟೋಪಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

*

ಚಹಾ ಹಂಚುವಾಗ ಅವನು ಎರಡು ಕಪ್ ಹಿಡಿದು ಅವಳ ಹತ್ತಿರ ಬಂದು ಕೂತ.

"ನಿಮಗೆ ಗೊತ್ತಿತ್ತಾ ಮಾಮ?"

"ಗೊತ್ತಿಲ್ದೆ ಏನು. ಶನಿವಾರ ನಾನೂ ಅಲ್ಲೇ ಹುಲ್ಲು ಕತ್ತರಿಸ್ತಿದ್ದೆ."

"ಮತ್ತೆ ಯಾಕೆ ಅಜ್ಜಂಗೆ ಅಂತಿದ್ರಿ?"

ಪ್ಯಾಕಿ ಮಾಮ ಚಹಾ ಊದಿದ. "ಮೊದಲ್ನೇ ಸಲ ಗೆರೆ ಸೊಟ್ಟ ಆದಾಗ ಹೋಗಿ ಹೇಳ್ದೆ. ಮಗು ಕೈಗೆ ಕೊಡ್ಬೇಡ ಮಾರಾಯ, ಬುಧವಾರ ಮ್ಯಾಚಿದೆ ಅಂತ. ಅದಕ್ಕೆ ಏನಂದ ಗೊತ್ತಾ? ಏನು ಅನ್ನೋದಿದ್ರೂ ನನಗೇ ಅನ್ನು, ಎಷ್ಟು ಬೇಕಾದ್ರೂ ಅನ್ನು, ಅವಳ ಕಿವಿಗೆ ಬಿದ್ರೆ ನಿನ್ನ ಟೋಪಿಗೆ ಸುಣ್ಣ ತುಂಬ್ತೀನಿ ಅಂದ. ಸರಿ, ಅಂದೆ. ಎಷ್ಟು ಬೇಕಾದ್ರೂ ಅಂದೆ."

ಬ್ರೋನಾಗೆ ನಗು ಬಂತು. ನಗು ಅರ್ಧಕ್ಕೇ ಅಳುವಾಯಿತು. ಪ್ಯಾಕಿ ಮಾಮ ತನ್ನ ಕಪ್ ಕೆಳಗಿಟ್ಟು, ಅವಳ ಕಪ್ ಚೆಲ್ಲದ ಹಾಗೆ ಹಿಡಿದುಕೊಂಡ. ಅವಳು ಅಳುವುದು ಮುಗಿಯುವವರೆಗೂ ಹಾಗೇ ಹಿಡಿದಿದ್ದ.

*

ಚಳಿ ಕಳೆದು ಆಟದ ಕಾಲ ಶುರುವಾದಾಗ ಮೈದಾನಕ್ಕೆ ಹೊಸದಾಗಿ ಗೆರೆ ಹಾಕಬೇಕಿತ್ತು. ಈಗ ಆ ಕೆಲಸ ಪ್ಯಾಕಿ ಮಾಮನದು. ಒಂದು ಶನಿವಾರ ಬೆಳಿಗ್ಗೆ ಅವನು ಬ್ರೋನಾಳ ಮನೆ ಗೇಟಿನ ಮುಂದೆ ನಿಂತು, "ಬರ್ತೀಯಾ?" ಅಂದ. ಅವಳು ಬೂಟು ಹಾಕಿಕೊಂಡು ಹೊರಟಳು. ಲೇಸು ತಾನೇ ಕಟ್ಟಿಕೊಂಡಳು.

ಗೋಲಿನ ಗೆರೆ ಆಯಿತು. ಆಚೆ ಬದಿ ಆಯಿತು. ಬೇಲಿಯ ಬದಿಯಲ್ಲಿ ನಡುವಿನ ಬಾವುಟ ಬಂದಾಗ ಪ್ಯಾಕಿ ಮಾಮ ನಿಂತ.

"ಇಲ್ಲಿಂದ ನಿಂದು," ಅಂದ. "ನಾನು ಇಲ್ಲೇ ಇರ್ತೀನಿ."

ಬ್ರೋನಾ ಗಾಡಿ ಹಿಡಿದಳು. ಹಿಡಿಕೆ ಈಗ ಅವಳ ಎದೆಯ ಎತ್ತರಕ್ಕೆ ಬರುತ್ತಿತ್ತು. ಬೇಲಿಯಲ್ಲಿ ಚಿಗುರು ಮೂಡಿತ್ತು. ಅವಳು ತಳ್ಳಿದಳು. ಚಕ್ರ ಕಿರ್ ಕಿರ್ ಅಂದಿತು, ಸುಣ್ಣದ ನೀರು ಹುಲ್ಲಿಗೆ ಇಳಿಯಿತು. ಬೇರೆ ಯಾವ ಸದ್ದೂ ಇರಲಿಲ್ಲ. ಮೇಕೆಯ ಕತೆಯನ್ನು ನೆನಪು ಮಾಡಿಕೊಳ್ಳಲು ನೋಡಿದಳು. ಕತೆ ನೆನಪಿತ್ತು. ಬೇಲಿಯ ಬದಿಗೆ ತಿರುಗಿ ಕಿವಿಗೊಡಲು ಅಲ್ಲಿ ಯಾರೂ ಇರಲಿಲ್ಲ.

ಮೂಲೆಯಲ್ಲಿ ನಿಂತು ಹಿಂತಿರುಗಿ ನೋಡಿದಳು.

ಗೆರೆ ನೇರವಾಗಿತ್ತು. ಬಾವುಟದಿಂದ ಅವಳ ಬೂಟಿನ ತುದಿಯವರೆಗೆ, ಕೂದಲೆಳೆಯಷ್ಟೂ ಅತ್ತಿತ್ತ ಆಗಿರಲಿಲ್ಲ.

ಬೊಜ್ಜು ಯಾಕೆ ಯಾವಾಗಲೂ ಬೇಲಿಯ ಕಡೆಗೇ ಉಬ್ಬುತ್ತಿತ್ತು ಅಂತ ಅವಳಿಗೆ ಆಗ ಗೊತ್ತಾಯಿತು. ಅಜ್ಜ ನಡೆಯುತ್ತಿದ್ದದ್ದು ಆ ಕಡೆ.

"ಹೇಗಿದೆ?" ದೂರದಿಂದ ಪ್ಯಾಕಿ ಮಾಮ ಕೂಗಿದ.

"ನೇರ ಬಂದಿದೆ ಮಾಮ," ಅಂದಳು ಬ್ರೋನಾ. ಅವಳ ದನಿ ಅವನಿಗೆ ಕೇಳಿಸಲಿಲ್ಲ. ಅವಳು ಗಾಡಿಯನ್ನು ಅಲ್ಲೇ ಬಿಟ್ಟು, ಗೆರೆ ತುಳಿಯದ ಹಾಗೆ ಬೇಲಿಯ ಬದಿಗೆ ಸರಿದು, ಅಜ್ಜ ನಡೆಯುತ್ತಿದ್ದ ಜಾಗದಲ್ಲೇ ನಿಧಾನಕ್ಕೆ ನಡೆದು ವಾಪಸು ಬಂದಳು.